ಬಕೆಟ್ಟಿನಲ್ಲಿ ಬೆಳೆದ ಆಲೂಗಡ್ಡೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ವೇದಿಕೆಯಲ್ಲಿ ಪರೀಕ್ಷೆಯ ತಯಾರಿ, ವಿದ್ಯಾರ್ಥಿ ವೇತನ, ಮುಂದಿನ ಕೋರ್ಸುಗಳ ಬಗ್ಗೆ ಮಾತನಾಡುವವರು ಬೇರೆ ಇದ್ದಾರೆ. ನನಗೆ ಕಾರ್ಯದರ್ಶಿಯವರು, "ನಿಮ್ಮ ತರಗತಿಯ ಮಕ್ಕಳು ಬಕೆಟ್ಟಿನಲ್ಲಿ ಆಲೂಗಡ್ಡೆ ಬೆಳೆದರಂತಲ್ಲ, ಅದನ್ನೇ ಹೇಳಿ" ಎಂದರು. ನಾನು ಉರ್ದು ಮತ್ತು ಕನ್ನಡ ಕಲಿಸುವವಳು, ಕೃಷಿ ಓದಿದವಳಲ್ಲ. ಆದ್ದರಿಂದ ನಾವು ಮಾಡಿದ್ದು, ಕೆಡಿಸಿದ್ದು, ಕಲಿತದ್ದು ಇಷ್ಟನ್ನು ಮಾತ್ರ ತಮ್ಮ ಮುಂದೆ ಇಡುತ್ತೇನೆ.

ಇದು ಶುರುವಾದದ್ದು ಒಂದು ಪದದಿಂದ. ಕನ್ನಡ ತರಗತಿಯಲ್ಲಿ ತರಕಾರಿಗಳ ಹೆಸರು ಬರೆಸುತ್ತಿದ್ದಾಗ ಒಬ್ಬ ಹುಡುಗ ಎದ್ದು, "ಮಿಸ್, ಬಿರಿಯಾನಿಗೆ ಹಾಕುವ ಆಲೂಬುಖಾರಾ ಕೂಡ ಆಲೂನೇ ಅಲ್ವಾ?" ಎಂದು ಕೇಳಿದ. ತರಗತಿ ನಕ್ಕಿತು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಫಾರಸಿಯಲ್ಲಿ 'ಆಲೂ' ಎಂದರೆ ಪ್ಲಮ್ ಜಾತಿಯ ಹಣ್ಣು. ಆಲೂಬುಖಾರಾ, ಜರ್ದಾಲೂ ಎಲ್ಲ ಅಲ್ಲಿಂದ ಬಂದವು. ಸಂಸ್ಕೃತದಲ್ಲಿ 'ಆಲುಕ' ಎಂದರೆ ಗಡ್ಡೆ. ಫಾರಸಿಯವರು ಆಲೂಗಡ್ಡೆಯನ್ನು 'ಸೀಬ್ ಜಮೀನಿ', ಅಂದರೆ ನೆಲದ ಸೇಬು ಎನ್ನುತ್ತಾರೆ. ನಮ್ಮ ಕರಾವಳಿಯವರ ಬಾಯಲ್ಲಿ ಇದು ಬಟಾಟೆ. ಅದು ಪೋರ್ಚುಗೀಸರು ಬಿಟ್ಟುಹೋದ ಪದ. ಗಿಡವೂ ಹಾಗೆಯೇ ದೂರದಿಂದ ಬಂದದ್ದು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಜನ ಸಾವಿರಾರು ವರ್ಷಗಳ ಹಿಂದೆ ಅದನ್ನು ಪಳಗಿಸಿದರು. 16ನೇ ಶತಮಾನದಲ್ಲಿ ಸ್ಪೇನಿನವರು ಯುರೋಪಿಗೆ ಒಯ್ದರು, ಆಮೇಲೆ ನಮ್ಮ ದೇಶಕ್ಕೆ ಬಂತು.

ಇಷ್ಟೆಲ್ಲ ಹೇಳಿ ನಾನು ಕೇಳಿದೆ, "ಸರಿ, ಆಲೂಗಡ್ಡೆ ಗಿಡ ನೋಡಿದವರು ಕೈ ಎತ್ತಿ." ಮೂವತ್ತೆಂಟು ಮಕ್ಕಳಲ್ಲಿ ಇಬ್ಬರು ಕೈ ಎತ್ತಿದರು. ಒಬ್ಬಳು ಅದು ಬದನೆಕಾಯಿಯಂತೆ ಕೊಂಬೆಗೆ ತೂಗುತ್ತದೆ ಎಂದಳು. ನಮ್ಮ ಕೃಷ್ಣರಾಜಪೇಟೆ ತಾಲ್ಲೂಕಿನ ಗಡಿ ದಾಟಿದರೆ ಚನ್ನರಾಯಪಟ್ಟಣ, ಹಾಸನ ಜಿಲ್ಲೆ. ಕರ್ನಾಟಕದಲ್ಲಿ ಆಲೂಗಡ್ಡೆಗೆ ಹೆಸರಾದ ಜಿಲ್ಲೆ ಪಕ್ಕದಲ್ಲೇ ಇದೆ, ನಮ್ಮ ಮಕ್ಕಳಿಗೆ ಗಿಡವೇ ಗೊತ್ತಿಲ್ಲ. ಭತ್ತ, ಕಬ್ಬು, ತೆಂಗು, ರೇಷ್ಮೆ ನೋಡಿ ಬೆಳೆದ ಮಕ್ಕಳು ಇವರು. ದಿನಾ ತಿನ್ನುವ ಈ ಗಡ್ಡೆಯನ್ನು ಅಂಗಡಿಯಲ್ಲಿ ಮಾತ್ರ ಕಂಡವರು. ಆಗಲೇ ನಿಶ್ಚಯ ಮಾಡಿದೆವು, ಬೆಳೆದು ನೋಡೋಣ ಎಂದು. ಶಾಲೆಯಲ್ಲಿ ಮಣ್ಣಿನ ಜಾಗವಿಲ್ಲ, ಸಿಮೆಂಟಿನ ಅಂಗಳ. ಹಾಗಾಗಿ ಚೀಲ, ಬಕೆಟ್ಟು.

ಮೊದಲ ಸಲ ನಾವು ಸೋತೆವು. ಅದನ್ನೂ ಹೇಳಬೇಕು.

ಫೆಬ್ರವರಿ ಕೊನೆಯಲ್ಲಿ, ಅಂಗಡಿಯಿಂದ ತಂದ ಆಲೂಗಡ್ಡೆಯನ್ನು ಕತ್ತರಿಸಿ ಐದು ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ನೆಟ್ಟೆವು. ಎರಡು ಚೀಲದ ತುಂಡುಗಳು ಮೊಳೆಯದೆ ಕೊಳೆತವು. ಉಳಿದ ಮೂರರಲ್ಲಿ ಗಿಡ ಹುಲುಸಾಗಿ ಎದ್ದಿತು. ಏಪ್ರಿಲ್ ರಜೆ ಬಂದಾಗ ಅವುಗಳನ್ನು ನನ್ನ ಮನೆಯ ತಾರಸಿಗೆ ಸಾಗಿಸಿದೆ. ಸೊಪ್ಪು ಸೊಂಟದ ಮಟ್ಟ ಬೆಳೆಯಿತು. ಮೇ ತಿಂಗಳಲ್ಲಿ ಮಕ್ಕಳನ್ನು ಕರೆದು ಚೀಲ ಸುರಿದರೆ ಒಳಗೆ ಆರೇಳು ಗೋಲಿ ಗಾತ್ರದ ಗಡ್ಡೆಗಳು. ಒಬ್ಬ ಹುಡುಗ ಮಣ್ಣನ್ನು ಬೆರಳಿನಲ್ಲಿ ಕೆದಕುತ್ತಲೇ ಇದ್ದ, ಇನ್ನೂ ಎಲ್ಲೋ ಇರಬೇಕು ಎಂದು. ನನಗೆ ಬಹಳ ಬೇಸರವಾಯಿತು.

ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ತಂದೆ ಚನ್ನರಾಯಪಟ್ಟಣದ ಕಡೆಯ ರೈತರು. ಮೂವತ್ತು ವರ್ಷ ಆಲೂಗಡ್ಡೆ ಬೆಳೆದವರು. ಅವರ ಹತ್ತಿರ ಹೋಗಿ ನಮ್ಮ ಸೋಲನ್ನು ಹೇಳಿಕೊಂಡೆ. ಅವರು ನಕ್ಕು, "ಬ್ಯಾಸಗೇಲಿ ಹಾಕುದ್ರೆ ಸೊಪ್ಪು ಬತ್ತದೆ, ಗೆಡ್ಡೆ ಎಲ್ಲಿ ಬತ್ತದವ್ವ? ಅದ್ಕೆ ರಾತ್ರಿ ತಂಡಿ ಬೇಕು ಕಣವ್ವ" ಎಂದರು.

ಈ ಒಂದು ಮಾತಿನಲ್ಲಿ ಇಡೀ ಶಾಸ್ತ್ರವಿದೆ. ಆಲೂಗಡ್ಡೆ ಬೇರಲ್ಲ, ಅದು ನೆಲದೊಳಗಿನ ಕಾಂಡ. ಕಾಂಡದಿಂದ ಅಡ್ಡವಾಗಿ ಬಿಳಿಯ ಎಳೆಗಳು ಹೊರಟು, ಅವುಗಳ ತುದಿ ಊದಿ ಗಡ್ಡೆಯಾಗುತ್ತದೆ. ನಾವು 'ಕಣ್ಣು' ಎನ್ನುವುದು ಮೊಗ್ಗು. ಗೆಣಸು ಮಾತ್ರ ನಿಜವಾದ ಬೇರು. ಎಲೆ ಹಗಲಿನಲ್ಲಿ ಮಾಡಿದ ಆಹಾರ ಕೆಳಗಿಳಿದು ಗಡ್ಡೆಯಲ್ಲಿ ಕೂಡಬೇಕಾದರೆ ರಾತ್ರಿ ತಂಪಿರಬೇಕು. ಮಣ್ಣಿನ ಉಷ್ಣಾಂಶ 15ರಿಂದ 20 ಡಿಗ್ರಿ ಇದ್ದರೆ ಉತ್ತಮ. ರಾತ್ರಿಯೂ ಸೆಕೆಯಾದರೆ ಗಿಡ ಆ ಆಹಾರವನ್ನು ಸೊಪ್ಪು ಬೆಳೆಸಲು, ಉಸಿರಾಡಲು ಖರ್ಚು ಮಾಡಿಬಿಡುತ್ತದೆ. ಬಿಸಿಲು ಕಾದ ತಾರಸಿ, ಅದರ ಮೇಲೆ ಕಪ್ಪು ಚೀಲ. ನಾವು ಬೀಜವನ್ನು ಒಲೆಯ ಮೇಲೆ ಇಟ್ಟಂತಾಗಿತ್ತು. ಹಾಸನದಲ್ಲಿ ಮೇ, ಜೂನ್ ಮಳೆಗೆ ಬಿತ್ತುತ್ತಾರೆ, ಅಲ್ಲಿಯ ಮುಂಗಾರಿನ ತಂಪು ಅದಕ್ಕೆ ಒಗ್ಗುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಚಳಿಗಾಲದ ಬೆಳೆಯೂ ಉಂಟು. ನಮ್ಮೂರಿನಲ್ಲಿ ಚೀಲದಲ್ಲಿ ಬೆಳೆಯುವವರಿಗೆ ನವೆಂಬರ್ ಒಳ್ಳೆಯ ತಿಂಗಳು.

ಆ ದಿನ ರೈತರು ಬೀಜದ ಕಥೆಯನ್ನೂ ಹೇಳಿದರು. ಹಾಸನದ ರೈತರಿಗೆ ಬಿತ್ತನೆ ಗಡ್ಡೆ ಬರುವುದು ಹೆಚ್ಚಾಗಿ ಪಂಜಾಬಿನ ಜಲಂಧರ್‌ನಿಂದ. ಅಲ್ಲಿ ಬೆಳೆದು, ಶೀತಲಗೃಹದಲ್ಲಿಟ್ಟು, ಲಾರಿಯಲ್ಲಿ ಹಾಸನದ ಎ.ಪಿ.ಎಂ.ಸಿ. ಮಾರುಕಟ್ಟೆಗೆ ಬರುತ್ತದೆ. ಅಲ್ಲಿ ಹೆಚ್ಚು ಬಳಕೆಯಲ್ಲಿರುವ ತಳಿ ಕುಫ್ರಿ ಜ್ಯೋತಿ. ಕುಫ್ರಿ ಎನ್ನುವುದು ಶಿಮ್ಲಾದ ಬಳಿಯ ಊರು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ತಳಿಗಳಿಗೆ ಆ ಊರಿನ ಹೆಸರನ್ನೇ ಮುಂದಿಡುತ್ತಾರೆ. ಜ್ಯೋತಿ 1968ರಲ್ಲಿ ಬಿಡುಗಡೆಯಾದಾಗ ಅಂಗಮಾರಿ ರೋಗವನ್ನು ತಡೆಯುವ ಶಕ್ತಿ ಅದಕ್ಕಿತ್ತು. ಕಾಲ ಕಳೆದಂತೆ ರೋಗ ಆ ಶಕ್ತಿಯನ್ನು ಮುರಿಯಿತು. ಜುಲೈ, ಆಗಸ್ಟ್‌ನ ಮೋಡ, ಜಡಿಮಳೆ ಹಿಡಿದರೆ ಎಲೆಯ ಮೇಲೆ ನೀರಿನಲ್ಲಿ ನೆನೆದಂಥ ಕಪ್ಪು ಮಚ್ಚೆ, ಬೆಳಗಿನ ಜಾವ ಎಲೆಯಡಿ ಬಿಳಿ ಬೂಷ್ಟು. ಕೆಲವೇ ದಿನಗಳಲ್ಲಿ ಹೊಲವೆಲ್ಲ ಸುಟ್ಟಂತಾಗುತ್ತದೆ. ಹೀಗೆ ಕಳೆದುಕೊಂಡವರು ಜೋಳ, ಶುಂಠಿಯ ಕಡೆ ತಿರುಗಿದರು. ಅವರೂ ಈಗ ಅರ್ಧ ಎಕರೆ ಮಾತ್ರ ಹಾಕುತ್ತಾರೆ. "ಬಿಡಕ್ಕೆ ಮನ್ಸು ಬರಾಕಿಲ್ಲ" ಎಂದರು.

ಇದೇ ರೋಗ 1845ರಲ್ಲಿ ಐರ್ಲೆಂಡಿಗೆ ಬಂದಿತ್ತು. ಅಲ್ಲಿಯ ಬಡವರು ಹೆಚ್ಚಾಗಿ ಒಂದೇ ತಳಿಯನ್ನು ನಂಬಿದ್ದರು. ಆಲೂಗಡ್ಡೆಯನ್ನು ಗಡ್ಡೆಯಿಂದಲೇ ನೆಡುವುದರಿಂದ ಪ್ರತಿ ಗಿಡವೂ ತಾಯಿಯ ಪಡಿಯಚ್ಚು. ಒಂದು ಬಿದ್ದರೆ ಎಲ್ಲವೂ ಬೀಳುತ್ತವೆ. ಬರಗಾಲದ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಈ ಕಾರಣಕ್ಕಾಗಿಯೇ ರೋಗ ತಗುಲಿದ ಗಿಡದ ಗಡ್ಡೆಯನ್ನು ಎಂದೂ ಬೀಜಕ್ಕೆ ಇಡಬಾರದು.

ಆ ರೈತರು ಸೆಪ್ಟೆಂಬರ್‌ನಲ್ಲಿ ಕಿತ್ತ ಬೆಳೆಯಲ್ಲಿ ಆರೋಗ್ಯವಾಗಿದ್ದ ಗಿಡಗಳ ಸಣ್ಣ ಗಡ್ಡೆಗಳನ್ನು ಆರಿಸಿ ನಮಗಾಗಿ ಒಂದು ಕಿಲೋ ಎತ್ತಿಟ್ಟರು. ಹೊಸದಾಗಿ ಕಿತ್ತ ಗಡ್ಡೆ ಎರಡು ಎರಡೂವರೆ ತಿಂಗಳು ನಿದ್ರೆ ಮಾಡುತ್ತದೆ, ಆಮೇಲೆ ಮೊಳಕೆ. ನಮಗೆ ಬರುವ ಹೊತ್ತಿಗೆ ಒಂದೊಂದರ ಮೇಲೂ ಅರ್ಧ ಇಂಚು ಮೊಳಕೆ ಎದ್ದಿತ್ತು. ಮಕ್ಕಳ ದಿನಾಚರಣೆಯ ಮರುದಿನ ನೆಟ್ಟೆವು. ಈಗ ವಿಧಾನವನ್ನು ಹೇಳುತ್ತೇನೆ, ಮನೆಯಲ್ಲಿ ಮಾಡಬಯಸುವವರು ಗಮನಿಸಿ.

ಪಾತ್ರೆ: 20 ಲೀಟರಿನ ಹಳೆಯ ಪೇಂಟ್ ಬಕೆಟ್ಟು ಸಾಕು. ಒಳಗೆ ಚೆನ್ನಾಗಿ ತೊಳೆದು, ತಳದಲ್ಲಿ ಎಂಟು ಹತ್ತು ತೂತು ಮಾಡಿ, ಎರಡು ಇಟ್ಟಿಗೆಯ ಮೇಲೆ ಇಡಬೇಕು. ಅಕ್ಕಿಯ ಪ್ಲಾಸ್ಟಿಕ್ ಚೀಲವೂ ಆಗುತ್ತದೆ, ಬಾಯಿಯನ್ನು ಮಡಿಸುತ್ತಾ ಎತ್ತರ ಹೊಂದಿಸಬಹುದು. ಬಿಸಿಲಿಗೆ ಅದು ಒಂದು ಬೆಳೆಯ ನಂತರ ಹರಿಯುತ್ತದೆ. ಒಂದು ಬಕೆಟ್ಟಿಗೆ ಒಂದೇ ಗಡ್ಡೆ. ಆಸೆಗೆ ಮೂರು ನೆಟ್ಟರೆ ಮೂರೂ ಬಡಕಲು.

ಮಣ್ಣು: ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಮಣ್ಣು ಹಿಡಿದರೆ ಉಂಡೆಯಾಗಬೇಕು, ತಟ್ಟಿದರೆ ಉದುರಬೇಕು. ಹಸಿ ಸಗಣಿ ಬೇಡ. ಒಲೆಯ ಬೂದಿ, ಸುಣ್ಣ ಬೇಡ. ಗಡ್ಡೆಯ ಮೇಲೆ ಕಜ್ಜಿಯಂಥ ಗಂಟು ಏಳುತ್ತದೆ.

ಬೀಜ: ಕೋಳಿಮೊಟ್ಟೆ ಗಾತ್ರದ, 40ರಿಂದ 50 ಗ್ರಾಮಿನ ಇಡೀ ಗಡ್ಡೆ ಉತ್ತಮ. ದೊಡ್ಡದಾದರೆ ಎರಡು ಮೂರು ಕಣ್ಣಿರುವಂತೆ ಕತ್ತರಿಸಿ, ಎರಡು ಮೂರು ದಿನ ನೆರಳಿನಲ್ಲಿ ಗಾಯ ಆರಿಸಿ ನೆಡಬೇಕು. ಹಸಿ ಗಾಯದಲ್ಲೇ ನೆಟ್ಟದ್ದು ನಮ್ಮ ಮೊದಲ ತಪ್ಪು. ಅಂಗಡಿಯ ಆಲೂಗಡ್ಡೆಗೆ ಕೆಲವೊಮ್ಮೆ ಮೊಳಕೆ ಬಾರದಂತೆ ಔಷಧಿ ಹಾಕಿರುತ್ತಾರೆ, ಅದರ ಭರವಸೆ ಇಲ್ಲ.

ನೆಡುವುದು: ತಳದಲ್ಲಿ ನಾಲ್ಕೈದು ಇಂಚು ಮಣ್ಣು, ಅದರ ಮೇಲೆ ಮೊಳಕೆ ಮೇಲ್ಮುಖವಾಗಿ ಗಡ್ಡೆ, ಮತ್ತೆ ಮೂರು ನಾಲ್ಕು ಇಂಚು ಮಣ್ಣು. ಎರಡು ವಾರದೊಳಗೆ ಚಿಗುರು ಕಾಣುತ್ತದೆ. ಗಿಡ ಒಂದು ಗೇಣು ಬಂದಾಗ ತುದಿಯ ಎಲೆಗಳಷ್ಟು ಬಿಟ್ಟು ಮಣ್ಣು ಏರಿಸಬೇಕು. ಬಕೆಟ್ಟು ತುಂಬುವವರೆಗೆ ಎರಡು ಮೂರು ಸಲ ಹೀಗೆ ಮಾಡಬೇಕು. ಮೊಬೈಲಿನಲ್ಲಿ ಬರುವ ವೀಡಿಯೊಗಳಲ್ಲಿ ಆಳೆತ್ತರದ ಚೀಲ ಕಟ್ಟಿ, ಮೇಲಿಂದ ಕೆಳಗಿನವರೆಗೆ ಗಡ್ಡೆ ಸುರಿಸುತ್ತಾರೆ. ಅದನ್ನು ನಂಬಬೇಡಿ. ಗಡ್ಡೆಗಳು ಬಹುಪಾಲು ಬೀಜದ ಸ್ವಲ್ಪ ಮೇಲೆ ಒಂದೇ ಪದರದಲ್ಲಿ ಕಟ್ಟುತ್ತವೆ. ಮಣ್ಣು ಏರಿಸುವುದರ ಮುಖ್ಯ ಲಾಭ ಗಡ್ಡೆಗೆ ಬೆಳಕು ತಗುಲದಿರುವುದು.

ನೀರು, ಬಿಸಿಲು: ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಬೆರಳನ್ನು ಒಂದು ಇಂಚು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ಬೆಳಿಗ್ಗೆ ಬುಡಕ್ಕೆ ನೀರು, ಎಲೆಯ ಮೇಲೆ ಬೇಡ. ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿದರೆ ಗಡ್ಡೆ ಬಿರಿಯುತ್ತದೆ. ಪಕ್ಕದಲ್ಲಿ ಟೊಮೆಟೊ ಇಡಬೇಡಿ, ಅದೂ ಇದೇ ಕುಟುಂಬದ್ದು, ರೋಗವೂ ಒಂದೇ. ಬೆಳೆ ಮುಗಿದ ಮಣ್ಣಿಗೆ ಮರಳಿ ಆಲೂಗಡ್ಡೆ, ಬದನೆ, ಮೆಣಸಿನಕಾಯಿ ಹಾಕದೆ ಸೊಪ್ಪು ಅಥವಾ ಹುರುಳಿಕಾಯಿ ಹಾಕಿ.

ಕೀಳುವುದು: ಜ್ಯೋತಿ ತಳಿಗೆ 90ರಿಂದ 100 ದಿನ. ಎಲೆ ಹಳದಿಯಾದ ಮೇಲೆ ನೀರು ನಿಲ್ಲಿಸಿ, ಕಾಂಡ ಕತ್ತರಿಸಿ, ಹತ್ತು ದಿನ ಬಿಟ್ಟು ಸುರಿಯಬೇಕು. ಹೆಬ್ಬೆರಳಿನಲ್ಲಿ ಉಜ್ಜಿದರೆ ಸಿಪ್ಪೆ ಏಳಬಾರದು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿಗೆ ಬರುತ್ತೇನೆ.

ನೆಟ್ಟು ಹತ್ತು ದಿನವಾಗಿತ್ತು. ಒಬ್ಬ ವಿದ್ಯಾರ್ಥಿನಿಯ ತಾಯಿ ಶಾಲೆಗೆ ಬಂದರು. ಮಗಳ ಉಗುರಿನಲ್ಲಿ ಮಣ್ಣು ನೋಡಿ ಅವರಿಗೆ ಸಿಟ್ಟು ಬಂದಿತ್ತು. "ಟೀಚರ್, ಇವಳ ಅಬ್ಬಾ ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಾರೆ. ಬೆಳಗಿನ ಜಾವ ಎದ್ದು ಆಲೂಗಡ್ಡೆ ಮೂಟೆ ಹೊತ್ತು ಅವರ ಬೆನ್ನು ಬಿದ್ದುಹೋಗಿದೆ. ಮಗಳ ಕೈಗೆ ಪೆನ್ನು ಬರಲಿ ಎಂದು ನಿಮ್ಮ ಹತ್ತಿರ ಕಳಿಸಿದರೆ ನೀವೂ ಆಲೂಗಡ್ಡೆಯನ್ನೇ ಕೊಡುತ್ತೀರಾ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಬಿ.ಎಡ್.ನಲ್ಲಿ ಅನುಭವದ ಮೂಲಕ ಕಲಿಕೆ ಎಂದು ಓದಿದ್ದೆ. ಅದನ್ನು ಆ ತಾಯಿಗೆ ಹೇಳಲು ಬಾಯಿ ಬರಲಿಲ್ಲ. ಅವರ ಮಾತಿನಲ್ಲಿ ನ್ಯಾಯವಿತ್ತು. "ಮಣ್ಣಿನ ಕೆಲಸ ಬೇರೆ ಮಕ್ಕಳು ಮಾಡಲಿ, ನಿಮ್ಮ ಮಗಳು ಬರೆಯಲಿ" ಎಂದಷ್ಟೇ ಹೇಳಿ ಕಳಿಸಿದೆ.

ಅಂದಿನಿಂದ ಆ ಹುಡುಗಿ ನಮ್ಮ ಲೆಕ್ಕದ ಪುಸ್ತಕ ಹಿಡಿದಳು. ಒಂದೇ ನೋಟ್ ಪುಸ್ತಕ. ಎಡದಿಂದ ಕನ್ನಡದಲ್ಲಿ, ಹಿಂದಿನಿಂದ ತೆರೆದರೆ ಬಲದಿಂದ ಉರ್ದುವಿನಲ್ಲಿ. ಗಿಡದ ಎತ್ತರ, ನೀರು ಹಾಕಿದವರ ಹೆಸರು, ಮೋಡವೋ ಬಿಸಿಲೋ, ಎಲ್ಲವನ್ನೂ ಎರಡು ಭಾಷೆಯಲ್ಲಿ ಬರೆದಳು. ಮೂರನೆಯ ಬಕೆಟ್ಟು ಕೊಳೆತಾಗ ಕಾರಣ ಹುಡುಕಿದ್ದು ಆ ಪುಸ್ತಕವೇ: ಒಂದೇ ದಿನ ಐದು ಮಕ್ಕಳು ಪ್ರೀತಿಯಿಂದ ಅದಕ್ಕೆ ನೀರು ಹಾಕಿದ್ದರು. ಜನವರಿಯ ಒಂದು ಮೋಡದ ವಾರದಲ್ಲಿ ಏಳನೆಯದಕ್ಕೆ ಕಪ್ಪು ಮಚ್ಚೆ ಬಂತು. ರೈತರು ಹೇಳಿದ್ದನ್ನು ನೆನೆದು ಆ ಗಿಡವನ್ನು ಕಿತ್ತು ದೂರ ಹೂತೆವು, ಉಳಿದ ಬಕೆಟ್ಟುಗಳನ್ನು ಗಾಳಿಯಾಡುವಂತೆ ದೂರ ದೂರ ಇಟ್ಟೆವು. ಪುಣ್ಯಕ್ಕೆ ಅವು ಉಳಿದವು.

ಈ ನಡುವೆ ಒಂದು ದಿನ ಪಾಠದಲ್ಲಿ ಹಸಿರು ಆಲೂಗಡ್ಡೆಯ ವಿಷಯ ಬಂತು. ಬೆಳಕು ತಗುಲಿದ ಗಡ್ಡೆ ಹಸಿರಾಗುತ್ತದೆ. ಹಸಿರು ಬಣ್ಣ ವಿಷವಲ್ಲ, ಎಲೆಯ ಹಸಿರೇ ಅದು. ಆದರೆ ಅದರ ಜೊತೆಗೆ ಸೊಲನೈನ್ ಎಂಬ ಕಹಿ ವಿಷವೂ ಹೆಚ್ಚುತ್ತದೆ. ಮೊಳಕೆಯಲ್ಲಿ, ಎಲೆಯಲ್ಲಿ, ಟೊಮೆಟೊ ಹೋಲುವ ಅದರ ಸಣ್ಣ ಕಾಯಿಯಲ್ಲಿ ಅದು ಇನ್ನೂ ಹೆಚ್ಚು. ಬೇಯಿಸಿದರೆ, ಹುರಿದರೆ ಹೋಗುವುದಿಲ್ಲ. ಹೊಟ್ಟೆನೋವು, ವಾಂತಿ, ಭೇದಿ, ತಲೆನೋವು ಬರುತ್ತದೆ. ಚಿಕ್ಕ ಮಕ್ಕಳಿಗೆ ಅಪಾಯ ಹೆಚ್ಚು. ಸ್ವಲ್ಪ ಹಸಿರಿದ್ದರೆ ದಪ್ಪಗೆ ಕೆತ್ತಿ ತೆಗೆಯಬೇಕು, ಹೆಚ್ಚು ಹಸಿರಾಗಿದ್ದರೆ ಅಥವಾ ಕಹಿಯಾಗಿದ್ದರೆ ಎಸೆಯಬೇಕು.

ತರಗತಿ ಮುಗಿದ ಮೇಲೆ ಆ ಹುಡುಗಿ ನನ್ನ ಹತ್ತಿರ ಉಳಿದಳು. "ಮಿಸ್, ಗಾಡಿಯಲ್ಲಿ ಮಾರಾಟವಾಗದೆ ಹಸಿರಾದದ್ದನ್ನೇ ಅಬ್ಬಾ ಮನೆಗೆ ತರುತ್ತಾರೆ. ನಾವು ಅದನ್ನೇ ತಿನ್ನುವುದು" ಎಂದಳು. ಅವಳ ತಮ್ಮನಿಗೆ ಆಗಾಗ್ಗೆ ಹೊಟ್ಟೆನೋವು, ವಾಂತಿ. ಅದಕ್ಕೆ ಇದೇ ಕಾರಣ ಎಂದು ನಾನು ಹೇಳಲಾರೆ, ನಾನು ಡಾಕ್ಟರಲ್ಲ. ಮೊದಲು ಡಾಕ್ಟರಿಗೆ ತೋರಿಸಲು ಹೇಳಿದೆ. ಆದರೆ ಅಂದು ಸಂಜೆ ಆ ಹನ್ನೆರಡು ವರ್ಷದ ಹುಡುಗಿ ಮನೆಯಲ್ಲಿ ಪುಸ್ತಕ ತೆರೆದು, ಉರ್ದುವಿನಲ್ಲಿ ತಾನೇ ಬರೆದದ್ದನ್ನು ಅಮ್ಮಿಗೆ ಓದಿ ಹೇಳಿದಳು. ಮರುದಿನದಿಂದ ಅವಳ ಅಬ್ಬಾ ಗಾಡಿಯ ಮೇಲಿನ ಆಲೂಗಡ್ಡೆ ರಾಶಿಗೆ ಒಣ ಗೋಣಿತಾಟು ಹೊದಿಸಿ, ಮುಂದೆ ಒಂದು ಪುಟ್ಟಿಯಷ್ಟು ಮಾತ್ರ ತೆರೆದಿಡತೊಡಗಿದರು. ಹಸಿರಾಗುವುದು ಬಹಳ ಕಡಿಮೆಯಾಯಿತು, ನಷ್ಟವೂ ಕಡಿಮೆಯಾಯಿತು.

ಫೆಬ್ರವರಿಯಲ್ಲಿ ಬಕೆಟ್ಟು ಸುರಿಯುವ ದಿನ ಆ ತಾಯಿಯೂ ಬಂದಿದ್ದರು. ಒಂಬತ್ತು ಪಾತ್ರೆಗಳಲ್ಲಿ ಏಳು ಉಳಿದಿದ್ದವು. ಎಲ್ಲ ಸೇರಿ 5 ಕಿಲೋ 400 ಗ್ರಾಂ. ಸರಾಸರಿ ತೆಗೆಯಿರಿ ಎಂದೆ. ಹುಡುಗರು ಏಳರಿಂದ ಭಾಗಿಸಿ 771 ಗ್ರಾಂ ಎಂದು ಕೂಗಿದರು. ಆ ಹುಡುಗಿ ಒಂಬತ್ತರಿಂದ ಭಾಗಿಸಿ 600 ಗ್ರಾಂ ಎಂದು ಬರೆದಿದ್ದಳು. ಯಾಕೆ ಎಂದು ಕೇಳಿದರೆ, "ಕೊಳೆತದ್ದಕ್ಕೂ ಅಬ್ಬಾ ದುಡ್ಡು ಕೊಟ್ಟಿರ್ತಾರೆ ಮಿಸ್" ಎಂದಳು. ನಾನು ಅವಳ ತಾಯಿಯ ಮುಖ ನೋಡಿದೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು, ಕೆಳಗೆ ಕೂತು, ಮಣ್ಣಿನಿಂದ ಗಡ್ಡೆ ಆರಿಸಲು ಮಕ್ಕಳ ಜೊತೆ ಸೇರಿಕೊಂಡರು.

ಲಾಭದ ಲೆಕ್ಕವನ್ನೂ ಮುಚ್ಚಿಡುವುದಿಲ್ಲ. ಗೊಬ್ಬರ, ನಾರಿನ ಪುಡಿಗೆ ನಮಗೆ 400 ರೂಪಾಯಿ ಖರ್ಚಾಯಿತು. ಅಂದಿನ ಅಂಗಡಿಯ ಬೆಲೆ ಕಿಲೋಗೆ 30 ರೂಪಾಯಿ. ನಮ್ಮ ಬೆಳೆಯ ಬೆಲೆ 162 ರೂಪಾಯಿ. ಮಣ್ಣನ್ನು ಮುಂದಿನ ಬೆಳೆಗೆ ಬಳಸಬಹುದು ನಿಜ, ಆದರೂ ಬಕೆಟ್ಟಿನ ಆಲೂಗಡ್ಡೆಯಿಂದ ಯಾರೂ ಶ್ರೀಮಂತರಾಗುವುದಿಲ್ಲ. ಮಕ್ಕಳು ಈ ಲೆಕ್ಕ ಮಾಡಿದ ಮೇಲೆ ಒಬ್ಬ ಹುಡುಗ ಕೇಳಿದ, "ಹಾಗಾದರೆ ಆ ತಾತ 30 ರೂಪಾಯಿಗಿಂತ ಕಡಿಮೆಗೆ ಹೇಗೆ ಮಾರುತ್ತಾರೆ ಮಿಸ್?" ಈ ಪ್ರಶ್ನೆಗೆ ಉತ್ತರವನ್ನು ತಾವೂ ಯೋಚಿಸಬೇಕೆಂದು ಕೋರುತ್ತೇನೆ. ನೂರು ದಿನ ಒಂದು ಗಿಡ ಕಾದವನಿಗೆ ಸಂತೆಯಲ್ಲಿ ಬೆಲೆ ಚೌಕಾಸಿ ಮಾಡುವಾಗ ನಾಲಿಗೆ ಸ್ವಲ್ಪ ತಡೆಯುತ್ತದೆ.

ಆ ತಾಯಿಯ ಪ್ರಶ್ನೆಗೆ ಅಂದು ಉತ್ತರ ಕೊಡಲಿಲ್ಲ ಎಂದೆನಲ್ಲ, ಅವರ ಮಗಳೇ ಕೊಟ್ಟಳು. ಓದಿದ ಮಗಳು ಅಬ್ಬಾನ ಗಾಡಿಯಿಂದ ದೂರ ಹೋಗಬೇಕಾಗಿಲ್ಲ. ಅವಳ ಓದು ಗಾಡಿಗೂ, ಅಡುಗೆಮನೆಗೂ ಬಂತು. ಅವಳು ಡಾಕ್ಟರಾಗಲಿ, ಇಂಜಿನಿಯರಾಗಲಿ, ಕೃಷಿ ವಿಜ್ಞಾನಿಯಾಗಲಿ, ಅದು ನಮ್ಮೆಲ್ಲರ ಹಾರೈಕೆ. ಸಂಘವು ಅಂಥ ಮಕ್ಕಳಿಗೆ ಪುಸ್ತಕ, ಶುಲ್ಕದ ನೆರವು ಕೊಡುತ್ತಾ ಬಂದಿದೆ. ಅದರ ಜೊತೆಗೆ ಪ್ರತಿ ಶಾಲೆಗೆ ನಾಲ್ಕು ಬಕೆಟ್ಟು, ಒಂದು ಚೀಲ ಗೊಬ್ಬರ ಕೊಟ್ಟರೆ ಅದೂ ಪುಸ್ತಕವೇ ಎಂದು ವಿನಂತಿಸುತ್ತೇನೆ.

ಮನೆಗೆ ಹೋಗಿ ಇಂದೇ ಒಂದು ಕೆಲಸ ಮಾಡಿ. ಅಡುಗೆಮನೆಯಲ್ಲಿ ಕಿಟಕಿಯ ಬಳಿ ತೂಗುವ ಪಾರದರ್ಶಕ ಕವರಿನಿಂದ ಆಲೂಗಡ್ಡೆಯನ್ನು ತೆಗೆದು, ತೊಳೆಯದೆ, ಗಾಳಿಯಾಡುವ ಬುಟ್ಟಿಯಲ್ಲಿ ಕತ್ತಲೆಯ ಮೂಲೆಯಲ್ಲಿಡಿ. ಫ್ರಿಜ್ಜಿನಲ್ಲಿ ಇಡಬೇಡಿ, ಪಿಷ್ಟ ಸಕ್ಕರೆಯಾಗಿ ಹುರಿದಾಗ ಕಪ್ಪಾಗುತ್ತದೆ. ನವೆಂಬರ್ ಬಂದಾಗ ಒಂದು ಹಳೆಯ ಬಕೆಟ್ಟು ಹುಡುಕಿ, ಮಕ್ಕಳ ಕೈಗೆ ಕೊಡಿ. ಕೊಳೆತರೆ ಕೊಳೆಯಲಿ, ಅದನ್ನೂ ಲೆಕ್ಕದ ಪುಸ್ತಕದಲ್ಲಿ ಬರೆಸಿ.